ಬೆಕ್ಕಿನ ಮರಿಯ ಹಿಂಗಾಲು ಸೋತಾಗ

ನಿನ್ನೆಯ ತನಕ ಕಿಟಕಿಯಿಂದ ಕಪಾಟಿನ ಮೇಲಕ್ಕೆ ಒಂದೇ ನೆಗೆತಕ್ಕೆ ಏರುತ್ತಿದ್ದ ಬೆಕ್ಕಿನ ಮರಿ ಇಂದು ಹಿಂಗಾಲುಗಳನ್ನೆಳೆಯುತ್ತ ಬರುತ್ತದೆ. ಎತ್ತಿಕೊಳ್ಳಹೋದ ಮಗುವಿನ ಕೈಯನ್ನು ನೋವಿನಿಂದ ಪರಚುತ್ತದೆ. ಯಾರು ತುಳಿದರೆಂದು ಮನೆಯಲ್ಲಿ ವಿಚಾರಣೆ ಮೊದಲಾಗುತ್ತದೆ. ಬಿದ್ದು ಪೆಟ್ಟಾಗಿರಲೂಬಹುದು, ಆದರೆ ಕೆಲವೊಮ್ಮೆ ದೋಷವಿರುವುದು ಕಾಲಿನಲ್ಲಲ್ಲ, ಮರಿ ಉಣ್ಣುವ ತಟ್ಟೆಯಲ್ಲಿ.

ಇಲಿಯನ್ನು ಹಿಡಿದ ಬೆಕ್ಕು ಮಾಂಸದೊಡನೆ ಎಲುಬನ್ನೂ ತಿನ್ನುತ್ತದೆ. ಮುದ್ದಿನ ಮರಿಗೆ ಸಿಗುವುದಾದರೋ ಎಲುಬು ತೆಗೆದ ಮಾಂಸ ಮಾತ್ರ. ಅದರಲ್ಲಿ ಸುಣ್ಣಾಂಶ ಒಂದು ಪಾಲಿದ್ದರೆ ರಂಜಕ 15ರಿಂದ 20 ಪಾಲು. ಬೆಳೆಯುವ ಮೂಳೆಗೆ ಇವೆರಡೂ ಹೆಚ್ಚುಕಡಿಮೆ ಸಮನಾಗಿರಬೇಕು. ರಕ್ತದಲ್ಲಿ ಸುಣ್ಣಾಂಶ ತಗ್ಗಿದೊಡನೆ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅದನ್ನು ಮೂಳೆಗಳಿಂದ ಸೆಳೆಯತೊಡಗುತ್ತವೆ. ದಿನದ ವೆಚ್ಚಕ್ಕೆಂದು ಮನೆಯ ಗೋಡೆಯ ಇಟ್ಟಿಗೆಯನ್ನೇ ಕಿತ್ತು ಮಾರಿದಂತೆ! ಮರಿ ನೋಡಲು ಗುಂಡಗೆ ಇರುತ್ತದೆ. ಒಳಗೆ ಮೂಳೆ ತೆಳುವಾಗುತ್ತದೆ. ಒಂದು ದಿನ ಸಣ್ಣದೊಂದು ನೆಗೆತಕ್ಕೇ ಕಾಲಿನ ಎಲುಬು ಬಿರಿಯುತ್ತದೆ, ಇಲ್ಲವೆ ಬೆನ್ನೆಲುಬು ಕುಸಿದು ಒಳಗಿನ ನರವನ್ನು ಒತ್ತುತ್ತದೆ. ಹಠಾತ್ತಾಗಿ ಕಂಡದ್ದು ವಾರಗಳಿಂದ ಸಿದ್ಧವಾಗುತ್ತಿದ್ದುದೇ.

ಹಿಂದೆ ಇದನ್ನು ಹುಟ್ಟಿನಿಂದ ಬಂದ ಮೂಳೆರೋಗವೆಂದು ಭಾವಿಸಿದವರುಂಟು. ಬರಿಯ ಮಾಂಸ ತಿಂದ ಬೆಕ್ಕುಗಳಲ್ಲಿ ಸುಣ್ಣಾಂಶದ ಕೊರತೆ ಉಂಟಾಗುವುದನ್ನು ಇಂಗ್ಲೆಂಡಿನ ಪೆಟ್ರೀಷಿಯಾ ಸ್ಕಾಟ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದರು.

ಎಕ್ಸ್-ರೇ ತೆಗೆದಾಗ ವೈದ್ಯರಿಗೆ ಸ್ಥಿತಿ ತಿಳಿಯುತ್ತದೆ. ನೆಗೆಯಲು ಎಡೆಯಿಲ್ಲದ ಗೂಡಿನಲ್ಲಿ ಕೆಲವು ವಾರಗಳ ವಿಶ್ರಾಂತಿ, ಬೆಕ್ಕಿಗಾಗಿಯೇ ಸಮತೋಲದಿಂದ ತಯಾರಾದ ಆಹಾರ, ಇವೇ ಮುಖ್ಯ ಚಿಕಿತ್ಸೆ. ನರ ಜಜ್ಜಿಹೋಗಿರದಿದ್ದರೆ ಮರಿ ಮತ್ತೆ ನಡೆದಾಡುವ ಆಸೆಯುಂಟು. ಮಾಂಸ ಬಿಡಿಸಿ ಬರಿಯ ಹಾಲನ್ನಕ್ಕಿಳಿಸುವುದು ಪರಿಹಾರವಲ್ಲ. ಬೆಕ್ಕು ಹುಟ್ಟಾ ಮಾಂಸಾಹಾರಿ.

ಇನ್ನೊಂದು ಕಾರಣ ಮರಿಗಳಲ್ಲಿ ಅಪರೂಪ, ಆದರೆ ಘೋರವಾದುದು. ಹೃದಯರೋಗವಿರುವ ಬೆಕ್ಕಿನಲ್ಲಿ ರಕ್ತದ ಗರಣೆಯೊಂದು ಹೃದಯದಿಂದ ಹೊರಟು, ಮಹಾಧಮನಿ ಹಿಂಗಾಲುಗಳಿಗೆ ಕವಲೊಡೆಯುವಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಕ್ಕು ಚೀರುತ್ತದೆ, ಪಾದಗಳು ತಣ್ಣಗಾಗಿ ಅಂಗಾಲು ಬಿಳಿಚುತ್ತದೆ ಇಲ್ಲವೆ ನೀಲಿಗಟ್ಟುತ್ತದೆ. ಆಗ ಒಂದು ಗಳಿಗೆಯೂ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಕಾರಣ ಯಾವುದೇ ಇರಲಿ, ಕಾಲನ್ನು ತಿಕ್ಕಬಾರದು. ಮನುಷ್ಯರ ನೋವಿನ ಮಾತ್ರೆಯನ್ನು ಕೊಡಬಾರದು. ಪ್ಯಾರಸಿಟಮಾಲಿನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲುದು. ಸಪಾಟಾದ ಹಲಗೆಯ ಮೇಲೋ ಪೆಟ್ಟಿಗೆಯಲ್ಲೋ ಮಲಗಿಸಿ, ಅಲುಗಿಸದೆ ಒಯ್ಯುವುದೇ ಲೇಸು. ಆಡುವ ಮರಿ ನೆಗೆಯಲು ಹಿಂಜರಿದ ಮೊದಲ ದಿನವೇ ಮನೆಯವರು ತಟ್ಟೆಯತ್ತ ಕಣ್ಣು ಹಾಯಿಸಿದರೆ, ಎಷ್ಟೋ ವೇಳೆ ಕಾಲು ಸೋಲುವ ದಿನವೇ ಬಾರದು.