ಮುಗ್ಗಲು ವಾಸನೆ: ಮೂಟೆಯಲ್ಲಷ್ಟೇ ಅಲ್ಲ, ಮಡಿಸಿಟ್ಟ ಬಟ್ಟೆಯಲ್ಲೂ



ಮಳೆಗಾಲದಲ್ಲಿ ಸಂಘದ ಕಚೇರಿಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಪ್ರತಿ ವರ್ಷವೂ ಒಂದೇ. ಕೊಳೆರೋಗಕ್ಕೆ ಎರಡನೆಯ ಸಿಂಪಡಣೆ ಯಾವಾಗ, ಮೈಲುತುತ್ತು ಬಂದಿದೆಯೇ, ಉಳಿದ ಚೆರಿ ಮೂಟೆಗಳನ್ನು ಈಗಲೇ ಕೊಡುವುದೋ ಕಾಯುವುದೋ. ಈ ಸಾರಿ ಇವುಗಳ ನಡುವೆ ಸದಸ್ಯರೊಬ್ಬರ ಮನೆಯವರು ಬೇರೆಯದೇ ಪ್ರಶ್ನೆ ಕೇಳಿದರು: "ಕಾಫಿ ಮುಗ್ಗದ ಹಾಗೆ ಇಡೋದು ಹೇಗೆ ಅಂತ ವರ್ಷಾವರ್ಷ ಬರೀತೀರಿ. ಬಟ್ಟೆ ಮುಗ್ಗದ ಹಾಗೆ ಇಡೋದು ಹೇಗೆ ಅಂತ ಯಾಕೆ ಬರೆಯೋದಿಲ್ಲ? ಅಷ್ಟು ದುಡ್ಡು ಕೊಟ್ಟು ತಂದ ಮೆಷಿನ್ನಿಂದ ತೆಗೆದ ಬಟ್ಟೆಯೇ ನಾರುತ್ತಲ್ಲ!"

ಕಚೇರಿಯಲ್ಲಿದ್ದವರು ನಕ್ಕರು. ನಾವೂ ನಕ್ಕೆವು. ಆದರೆ ನಮ್ಮ ನಗು ಸ್ವಲ್ಪ ಪೆಚ್ಚಾಗಿತ್ತು. ಏಕೆಂದರೆ ಕಳೆದ ಮಳೆಗಾಲದಲ್ಲಿ ನಮ್ಮ ಮನೆಯದೂ ಅದೇ ಕಥೆ.

ನಮ್ಮ ಮನೆಯ ಪಾಡು

ಆಗಸ್ಟ್ ತಿಂಗಳ ಒಂದು ಸಂಜೆ ನಮ್ಮ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲ ಬಿಸಾಡಿ, ನಾಳೆಯಿಂದ ಆ ಯೂನಿಫಾರ್ಮ್ ಹಾಕುವುದಿಲ್ಲವೆಂದು ಹಠ ಹಿಡಿದಳು. ಪಕ್ಕದಲ್ಲಿ ಕೂತಿದ್ದ ಹುಡುಗಿ ಮೂಗು ಮುಚ್ಚಿಕೊಂಡು ಬೇರೆ ಬೆಂಚಿಗೆ ಹೋಗಿ ಕೂತಳಂತೆ. ಸೊಸೆಗೆ ಆದ ಸಂಕಟ ಹೇಳತೀರದು. ದಿನವೂ ಒಗೆದ ಬಟ್ಟೆ, ಇಸ್ತ್ರಿ ಮಾಡಿದ ಬಟ್ಟೆ. ಆದರೂ ಮಗುವಿನ ಮೈ ಬಿಸಿ ತಾಗಿದೊಡನೆ ವಾಸನೆ ಏಳುತ್ತಿತ್ತು.

ನಾವು ಮಾಡಿದ ಉಪಾಯಗಳು ಎಲ್ಲರೂ ಮಾಡುವಂಥವೇ. ಸೋಪಿನ ಪುಡಿಯನ್ನು ಒಂದೂವರೆ ಪಟ್ಟು ಹಾಕಿದೆವು. ಪರಿಮಳದ ದ್ರವ ತಂದು ಸುರಿದೆವು. ಪುಡಿಯ ಕಂಪೆನಿ ಬದಲಾಯಿಸಿದೆವು. ಎರಡು ದಿನ ಮಲ್ಲಿಗೆಯ ವಾಸನೆ, ಮೂರನೆಯ ದಿನ ಮಲ್ಲಿಗೆಯೂ ಮುಗ್ಗಲೂ ಕೂಡಿದ ವಾಸನೆ. ಕೊನೆಗೆ ರಿಪೇರಿಯವರನ್ನು ಕರೆಸಿದೆವು. ಅವರು ಯಂತ್ರದ ಬಾಗಿಲು ತೆರೆದು, ಸುತ್ತಲಿನ ರಬ್ಬರ್ ಪಟ್ಟಿಯ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ತೋರಿಸಿದರು. ಒಳಗೆ ಕಪ್ಪು ಲೋಳೆ. ಸುಗ್ಗಿ ಮುಗಿದ ಮೇಲೆ ಪಲ್ಪರ್ ಮನೆಯ ತೊಟ್ಟಿಯನ್ನು ತೊಳೆಯದೆ ಬಿಟ್ಟರೆ ಏಳುವ ವಾಸನೆಯೇ ಅಲ್ಲಿಯೂ. "ಮೆಷಿನ್ ಕೆಟ್ಟಿಲ್ಲ ಸಾರ್, ಇದಕ್ಕೆ ಸ್ನಾನ ಆಗಿಲ್ಲ" ಎಂದರು.

ತಪ್ಪು ನೀರಿನದಲ್ಲ, ನಿಂತದ್ದರದು

ಬಟ್ಟೆಯ ಕೊಳೆಯಿಂದ ವಾಸನೆ ಬರುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಅರ್ಧ ಸತ್ಯ. ಬೆವರು, ಮೈಯ ಜಿಡ್ಡು, ಉಳಿದ ಸೋಪು ಇವು ಆಹಾರ ಮಾತ್ರ. ಅದನ್ನು ತಿಂದು ವಾಸನೆ ಬಿಡುವವು ತೇವದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು. ಒಳಗೆ ಒಣಗಿಸಿದ ಬಟ್ಟೆಯ ಒದ್ದೆ ಮಸಿಬಟ್ಟೆಯಂಥ ವಾಸನೆಗೆ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು ಜಪಾನಿನ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಇದು ಒಣಗಿದರೂ ಸುಲಭವಾಗಿ ಸಾಯುವುದಿಲ್ಲ; ನೇರಳಾತೀತ ಕಿರಣವನ್ನೂ ಸಾಕಷ್ಟು ತಾಳಿಕೊಳ್ಳುತ್ತದೆ. ಒಮ್ಮೆ ವಾಸನೆ ಹಿಡಿದ ಬಟ್ಟೆ ಬಿಸಿಲಿಗೆ ಹಾಕಿದಾಗ ಸರಿಹೋದಂತೆ ಕಂಡು, ಮತ್ತೆ ಬೆವರು ತಾಗಿದೊಡನೆ ನಾರುವ ಗುಟ್ಟು ಇದೇ.

ಇದನ್ನು ಕಾಫಿಯವರಿಗೆ ವಿವರಿಸುವುದು ಸುಲಭ. ಪಾರ್ಚ್‌ಮೆಂಟನ್ನು ತೇವಾಂಶ ಶೇಕಡಾ 10ಕ್ಕೆ ಇಳಿಯುವವರೆಗೆ ಒಣಗಿಸಿ, ಆಮೇಲೆ ಒಂದು ರಾತ್ರಿ ಮಂಜಿಗೆ ಬಿಟ್ಟರೆ ಏನಾಗುತ್ತದೆಂದು ನಮಗೆ ಗೊತ್ತು. ಇನ್ನೊಂದು ನಿದರ್ಶನವೂ ಇದೆ. ನಮ್ಮ ಚೆರಿ ಕಾಫಿಯ ಬೇಳೆಯನ್ನೇ ಕರಾವಳಿಯ ಉಗ್ರಾಣಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕೆಂದೇ ಮಳೆಗಾಳಿಗೆ ಒಡ್ಡಿ 'ಮಾನ್ಸೂನ್ಡ್ ಮಲಬಾರ್' ಮಾಡುತ್ತಾರೆ. ಬೇಳೆ ತೇವ ಕುಡಿದು ಉಬ್ಬುತ್ತದೆ, ಆದರೆ ಮುಗ್ಗುವುದಿಲ್ಲ. ಏಕೆ? ತೆಳ್ಳಗೆ ಹರಡಿ ಕೆದರುತ್ತಲೇ ಇರುತ್ತಾರೆ. ಚೀಲಕ್ಕೆ ಸಡಿಲವಾಗಿ ತುಂಬಿ, ಸಾಲುಗಳ ನಡುವೆ ಗಾಳಿ ಆಡಲು ಜಾಗ ಬಿಡುತ್ತಾರೆ. ಮತ್ತೆ ಮತ್ತೆ ಸುರಿದು ಚೀಲ ತುಂಬುತ್ತಾರೆ. ತೇವವೊಂದೇ ಕೆಡುಕಲ್ಲ, ನಿಂತ ತೇವ, ನಿಂತ ಗಾಳಿ ಕೆಡುಕು. ಯಂತ್ರಕ್ಕೂ ಬಟ್ಟೆಗೂ ಇದೊಂದೇ ಸೂತ್ರ.

ಯಂತ್ರದ ಸ್ನಾನ

ನಮ್ಮ ಮನೆಯಲ್ಲಿ ಈಗ ನಡೆಸುತ್ತಿರುವ ಕ್ರಮ ಹೀಗಿದೆ.

ಮೊದಲು ಪ್ಲಗ್ ತೆಗೆಯಬೇಕು. ಮುಂದೆ ಬಾಗಿಲಿರುವ ಯಂತ್ರವಾದರೆ ರಬ್ಬರ್ ಪಟ್ಟಿಯ ಮಡಿಕೆಯನ್ನು ಸುತ್ತಲೂ ಬಿಡಿಸಿ, ಸೋಪು ನೀರಿನ ಬಟ್ಟೆಯಿಂದ ಉಜ್ಜಿ ಒರೆಸಬೇಕು. ಸೋಪು ಹಾಕುವ ಪೆಟ್ಟಿಗೆಯನ್ನು ಪೂರ್ತಿ ಹೊರಗೆಳೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಕೆಳಗಡೆ ಮೂಲೆಯಲ್ಲಿ ಸಣ್ಣ ಮುಚ್ಚಳದ ಹಿಂದೆ ಪಂಪಿನ ಜಾಲರಿ ಇರುತ್ತದೆ. ತಟ್ಟೆಯೊಂದನ್ನು ಅಡಿಗಿಟ್ಟು, ನೀರು ಬಸಿದುಕೊಂಡು ಅದನ್ನು ತಿರುಗಿಸಿ ತೆಗೆಯಬೇಕು. ನಮ್ಮ ಜಾಲರಿಯಲ್ಲಿ ಸಿಕ್ಕಿದ್ದು ಎರಡು ಹೇರ್‌ಪಿನ್ನು, ಒಂದು ರೂಪಾಯಿಯ ನಾಣ್ಯ, ಅಡಿಕೆ ಸಿಪ್ಪೆಯ ನಾರು ಮತ್ತು ಐದಾರು ಕಾಫಿ ಬೀಜ. ತೋಟದ ಜೇಬು ಖಾಲಿ ಮಾಡದೆ ಬಟ್ಟೆ ಹಾಕಿದವರು ಯಾರೆಂದು ಮನೆಯಲ್ಲಿ ವಿಚಾರಣೆ ನಡೆಯಿತು. ಅಪರಾಧಿ ನಾವೇ.

ಬಳಿಕ ಬಟ್ಟೆ ಹಾಕದೆ, ಯಂತ್ರದಲ್ಲಿರುವ ಅತಿ ಬಿಸಿಯ ಕ್ರಮದಲ್ಲಿ ಒಮ್ಮೆ ಖಾಲಿ ಓಡಿಸಬೇಕು. ಆಮ್ಲಜನಕದ ಬ್ಲೀಚ್ ಎಂದು ಮಾರುವ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ ಅಥವಾ ಕಂಪೆನಿಯವರೇ ಹೇಳಿದ ಪುಡಿ ಹಾಕಿದರೆ ಲೋಳೆ ಕಿತ್ತು ಬರುತ್ತದೆ. ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಸಾಕು.

ಇಲ್ಲೊಂದು ಎಚ್ಚರಿಕೆ. ಕ್ಲೋರಿನ್ ಇರುವ ಬ್ಲೀಚನ್ನು ವಿನೆಗರ್, ನಿಂಬೆ ಉಪ್ಪು, ಶೌಚಾಲಯ ತೊಳೆಯುವ ಆಸಿಡ್ ಇವುಗಳಲ್ಲಿ ಯಾವುದರೊಂದಿಗೂ ಬೆರೆಸಬಾರದು. ವಿಷಗಾಳಿ ಏಳುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಕ್ಕೇ ಅಪಾಯ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಕ್ಲೋರಿನ್ ಬ್ಲೀಚಿನಿಂದ ಬಟ್ಟೆಗೆ ತುಕ್ಕಿನ ಕಲೆಯೂ ಹತ್ತುತ್ತದೆ.

ಇನ್ನು ನಿತ್ಯದ ಅಭ್ಯಾಸ. ಒಗೆತ ಮುಗಿದ ಕೂಡಲೇ ಬಟ್ಟೆ ತೆಗೆಯಬೇಕು. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವುದು ಬೇಡ. ಬಾಗಿಲನ್ನೂ ಸೋಪಿನ ಪೆಟ್ಟಿಗೆಯನ್ನೂ ತುಸು ತೆರೆದಿಡಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅವರು ಯಂತ್ರದೊಳಗೆ ಇಳಿಯದಂತೆ ಆ ಕೋಣೆಯ ಬಾಗಿಲು ಹಾಕಿಕೊಳ್ಳಬೇಕು. ಸೋಪಿನ ಪುಡಿಯನ್ನು ಹೆಚ್ಚಿಸುವ ಬದಲು ತಗ್ಗಿಸಬೇಕು. ನಮ್ಮ ಬೆಟ್ಟದ ಝರಿಯ ನೀರು ಮೆದುನೀರು. ಬಯಲುಸೀಮೆಯ ಗಡಸು ನೀರಿಗೆ ಬೇಕಾದಷ್ಟು ಸೋಪು ಇಲ್ಲಿ ಬೇಡ. ಹೆಚ್ಚಾದ ಸೋಪು ತೊಳೆದು ಹೋಗದೆ ಒಳಗೇ ಉಳಿದು ಲೋಳೆಗೆ ಗೊಬ್ಬರವಾಗುತ್ತದೆ. ಪರಿಮಳದ ದ್ರವದ ಜಿಡ್ಡೂ ಹಾಗೆಯೇ. ಗೊಬ್ಬರ ಹೆಚ್ಚಾದರೆ ಕಳೆಯೂ ಹೆಚ್ಚುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಾಸನೆ ಹಿಡಿದ ಬಟ್ಟೆಗೆ

ಯಂತ್ರ ಶುದ್ಧವಾದರೂ ಮೊದಲೇ ಮುಗ್ಗಿದ ಬಟ್ಟೆ ತಾನಾಗಿ ಸರಿಹೋಗದು. ಅದಕ್ಕೆ ಬಿಸಿ ಬೇಕು. 60 ಡಿಗ್ರಿ ಸೆಂಟಿಗ್ರೇಡಿನ ನೀರು ಹತ್ತಿ ಬಟ್ಟೆಗೆ ಒಳ್ಳೆಯ ಮದ್ದು. ಬಿಸಿ ಮಾಡುವ ಕಾಯಿಲ್ ಇಲ್ಲದ ಯಂತ್ರಗಳೂ, ವೋಲ್ಟೇಜ್ ಸಾಲದ ಮನೆಗಳೂ ನಮ್ಮಲ್ಲಿ ಬಹಳ. ಆದರೆ ಬಚ್ಚಲ ಹಂಡೆ ಎಲ್ಲರಲ್ಲೂ ಇದೆ. ಬಕೆಟ್ಟಿಗೆ ಮೊದಲು ಒಂದು ಪಾಲು ತಣ್ಣೀರು ಹಾಕಿ, ಆಮೇಲೆ ಒಂದು ಪಾಲು ಕುದಿಯುವ ನೀರು ಸುರಿದರೆ ಸುಮಾರು 60 ಡಿಗ್ರಿಗೆ ಬರುತ್ತದೆ. ಅದರಲ್ಲಿ ಆಮ್ಲಜನಕದ ಬ್ಲೀಚ್ ಪುಡಿ ಕರಗಿಸಿ, ಬಣ್ಣ ಬಿಡದ ಹತ್ತಿ ಬಟ್ಟೆಯನ್ನು ಒಂದು ಗಂಟೆ ನೆನೆಸಿ, ನಂತರ ಎಂದಿನಂತೆ ಒಗೆಯಬಹುದು. ಉಣ್ಣೆಗೂ ರೇಷ್ಮೆಗೂ ಇದು ಸಲ್ಲದು. ಮೊಮ್ಮಗಳ ಯೂನಿಫಾರ್ಮಿನ ಅಂಗಿ ಎರಡು ಸಾರಿ ನೆನೆಸಿದ ಮೇಲೆ ಸರಿಹೋಯಿತು.

ಅಡಿಕೆ ಬೆಳೆಗಾರರಿಗೆ ಒಂದು ವಿಶೇಷ ಮಾತು. ಬೋರ್ಡೋ ದ್ರಾವಣವಾಗಲಿ ಬೇರೆ ಔಷಧಿಯಾಗಲಿ, ಸಿಂಪಡಣೆಗೆ ಹಾಕಿದ ಬಟ್ಟೆಯನ್ನು ಮನೆಯ ಬಟ್ಟೆಯೊಂದಿಗೆ ಯಂತ್ರಕ್ಕೆ ಹಾಕಲೇಬೇಡಿ. ಅದಕ್ಕೆ ಬೇರೆ ಬಕೆಟ್ಟು, ಕೈಗವಸು, ಅಂದೇ ಒಗೆತ.

ಒಣಗಿಸುವ ಜಾಗ

ಹಳೆಯ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಬಿದಿರ ಗಳ ತೂಗುಹಾಕಿ ಬಟ್ಟೆ ಒಣಗಿಸುತ್ತಿದ್ದರು. ಹೊಗೆಯ ವಾಸನೆ ಬರುತ್ತಿತ್ತು, ಮುಗ್ಗಲು ಬರುತ್ತಿರಲಿಲ್ಲ. ಈಗ ಟೈಲ್ಸ್ ಹಾಕಿದ ಕೋಣೆಯೊಳಗೆ ಕಿಟಕಿ ಮುಚ್ಚಿ, ತಂತಿಯ ಮೇಲೆ ಒಂದರ ಮೇಲೊಂದು ಹೇರುತ್ತೇವೆ. ಎರಡು ಬಟ್ಟೆಗಳ ನಡುವೆ ಒಂದು ಗೇಣು ಬಿಟ್ಟು, ಎದುರುಬದುರು ಕಿಟಕಿ ತುಸು ತೆರೆದು, ಫ್ಯಾನು ಹಾಕಿದರೆ ಎಷ್ಟೋ ಅನುಕೂಲ. ಪಾರದರ್ಶಕ ಶೀಟು ಹೊದಿಸಿದ ಅಡಿಕೆ ಒಣಗಿಸುವ ಮನೆ ಇರುವವರು ಅದು ಖಾಲಿ ಇರುವ ಮಳೆ ತಿಂಗಳುಗಳಲ್ಲಿ ಬಟ್ಟೆಗೆ ಬಳಸಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಇಡಬಾರದು. ಅದರ ಅನಿಲ ಮಲಗಿದವರನ್ನು ಏಳಗೊಡಿಸದು. ಒದ್ದೆ ಕಂಬಳಿಯನ್ನು ಕಾಫಿ ಮೂಟೆಯ ಮೇಲೆ ಹರಡುವ ಅಭ್ಯಾಸವೂ ಬೇಡ. ಬೇಳೆ ತೇವವನ್ನೂ ವಾಸನೆಯನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ.

ಲೈನ್ ಮನೆಯ ಕಂಬಳಿ

ಇಷ್ಟನ್ನು ಕಲಿತ ಮೇಲೆ ನಮಗೆ ಹಳೆಯ ಸಂಗತಿಯೊಂದು ಚುಚ್ಚತೊಡಗಿತು. ಮಳೆಗಾಲದಲ್ಲಿ ಸಂಬಳದ ದಿನ ಆಳುಗಳು ಜಗಲಿಗೆ ಬಂದಾಗ, ಅವರ ಕಂಬಳಿಯ ವಾಸನೆಗೆ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡವರು ನಾವು. "ಇವರಿಗೆ ಶುಚಿ ಗೊತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಿದ್ದೂ ಉಂಟು. ಬಿಸಿನೀರು, ಫ್ಯಾನು, ಯಂತ್ರ ಎಲ್ಲ ಇದ್ದ ನಮ್ಮ ಮನೆಯ ಮಗುವಿನ ಅಂಗಿಯೇ ನಾರಿದಾಗ, ಒಂದು ಕೋಣೆ, ಒಂದು ಒಲೆಯಲ್ಲಿ ನಾಲ್ಕು ಜನರ ಒದ್ದೆ ಬಟ್ಟೆ ಒಣಗಿಸಬೇಕಾದವರ ಪಾಡೇನು? ದಿನವಿಡೀ ನಮ್ಮ ತೋಟದಲ್ಲೇ ನೆನೆದ ಕಂಬಳಿ ಅದು. ಒಣಗಿಸಲು ನಾವು ಕೊಟ್ಟ ಜಾಗ ಎಷ್ಟು? ಆ ಕುರ್ಚಿ ಸರಿಸಿದ್ದನ್ನು ಅವರೂ ಕಂಡಿದ್ದಾರೆ. ನಮ್ಮ ಮೊಮ್ಮಗಳು ಬೆಂಚು ಬದಲಾದದ್ದನ್ನು ಕಂಡ ಹಾಗೆಯೇ.

ಈ ವರ್ಷ ಮೇ ತಿಂಗಳಲ್ಲಿ ಲೈನಿನ ಪಕ್ಕ ಒಂದು ಚಪ್ಪರ ಎಬ್ಬಿಸಿದೆವು. ತೋಟದ್ದೇ ಸಿಲ್ವರ್ ಓಕ್ ಕಂಬ, ಮೇಲೆ ತಗಡು, ನಡುನಡುವೆ ಬೆಳಕಿಗೆ ಪಾರದರ್ಶಕ ಶೀಟು. ಎರಡು ಪಕ್ಕ ತೆರೆದಿದೆ. ಎರಚಲು ಹೊಡೆಯುವ ಪಡುವಣ ಪಕ್ಕಕ್ಕೆ ಮಾತ್ರ ತಟ್ಟಿ. ಒಳಗೆ ಬಿದಿರಿನ ಗಳಗಳು. ಪಕ್ಕದಲ್ಲಿ ಒಲೆ ಹಾಕಿ ಒಂದು ಹಂಡೆ ಕೂರಿಸಿದ್ದೇವೆ. ತಗಡಿಗೂ ಕೂಲಿಗೂ ಆದ ಖರ್ಚು ನಮ್ಮ ಯಂತ್ರದ ಬೆಲೆಗಿಂತ ಕಡಿಮೆ. ಜುಲೈಯಲ್ಲಿ ಅಲ್ಲಿ ಕಂಬಳಿ, ಸೀರೆ, ಮಕ್ಕಳ ಅಂಗಿ ಸಾಲಾಗಿ ತೂಗುವುದನ್ನು ನೋಡಿದೆವು. ಕೆಲಸದ ಹೆಂಗಸೊಬ್ಬರು, "ಅಯ್ಯಾ, ಈ ಸಲ ಬೆಳಿಗ್ಗೆ ಒಣಗಿದ ಬಟ್ಟೆ ಉಟ್ಟು ಕೆಲಸಕ್ಕೆ ಬರ್ತಿದೀವಿ" ಎಂದರು. ಒದ್ದೆ ಬಟ್ಟೆ ಉಟ್ಟುಕೊಂಡೇ ಇಷ್ಟು ವರ್ಷ ಬರುತ್ತಿದ್ದರೆಂಬುದು ನಮಗೆ ತಿಳಿದದ್ದು ಆಗ.

ಚಪ್ಪರದ ಅಳತೆಯ ನಕ್ಷೆಯನ್ನು ಸಂಘದ ಕಚೇರಿಯ ಗೋಡೆಗೆ ಅಂಟಿಸಿದ್ದೇವೆ. ಗೊಬ್ಬರ ಕೊಳ್ಳಲು ಬಂದಾಗ ಸದಸ್ಯರು ನೋಡಿ ಬರೆದುಕೊಳ್ಳಬಹುದು. ಯಂತ್ರದ ರಬ್ಬರ್ ಪಟ್ಟಿಯನ್ನು ಮಾತ್ರ ಇವತ್ತೇ ಬಿಡಿಸಿ ನೋಡಿರಿ.