ಹೂಮಳೆಯಿಂದ ಕುಯ್ಲಿನವರೆಗೆ

ಸಕಲೇಶಪುರ, ಆಲೂರಿನ ಕಾಫಿ ತೋಟವನ್ನು ಹಣ್ಣಿನ ತೋಟವೆಂದು ಯಾರೂ ಕರೆಯುವುದಿಲ್ಲ. ಆದರೂ ವರ್ಷವಿಡೀ ಅಲ್ಲಿ ನಡೆಯುವುದು ಹಣ್ಣಿನ ಕೆಲಸವೇ. ಗಿಡದಲ್ಲಿ ಕಾಫಿ ಹಣ್ಣು, ನಡುನಡುವೆ ಕಿತ್ತಳೆ, ಬೆಣ್ಣೆಹಣ್ಣು, ನೆರಳಿಗೆ ನಿಂತ ಹಲಸು, ಅದಕ್ಕೆ ಹಬ್ಬಿದ ಮೆಣಸು. ಈ ಸೀಮೆಗೆ ಮಂಜರಾಬಾದ್ ಎಂಬ ಹೆಸರಿದ್ದ 1850ರ ದಶಕದಲ್ಲಿ ಇಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್, 1894ರ ತನ್ನ ಪುಸ್ತಕದಲ್ಲಿ ನೆರಳು ಮರಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದಾನೆ. ಆ ಮರಗಳು ಉಳಿದದ್ದರಿಂದಲೇ ಇಷ್ಟು ಬಗೆಯ ಫಸಲು ಒಂದೇ ನೆಲದಲ್ಲಿ ಉಳಿಯಿತು.

ತೋಟದ ಹೊಸ ವರ್ಷ ಹೂಮಳೆಗೆ ಶುರು. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಇಂಚಿನ ಮೇಲೆ ಮಳೆ ಬಿದ್ದರೆ, ಬಿಸಿಲಲ್ಲಿ ಕಾದಿದ್ದ ಅರೇಬಿಕಾ ಮೊಗ್ಗು ಎಂಟು ಹತ್ತು ದಿನಕ್ಕೆ ಒಟ್ಟಿಗೇ ಬಿರಿಯುತ್ತದೆ. ಎರಡು ಮೂರು ದಿನ ಗುಡ್ಡಕ್ಕೆ ಗುಡ್ಡವೇ ಘಮ್ಮೆನ್ನುತ್ತದೆ. ಅರಳಿದ ದಿನವೇ ಮತ್ತೆ ಮಳೆ ಹುಯ್ದರೆ ಪರಾಗ ತೊಳೆದು ಹೋಗಿ ಕಾಯಿ ಕಚ್ಚುವುದಿಲ್ಲ. ಎರಡು ಮೂರು ವಾರ ಬಿಟ್ಟು ಬೆಂಬಲ ಮಳೆ ಬಾರದಿದ್ದರೂ ಕಷ್ಟ. ರೊಬಸ್ಟಾ ಬೆಳೆದವರು ಕೆರೆ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹಾಯಿಸಿ ಹೂ ಅರಳಿಸುತ್ತಾರೆ. ಕೆರೆಯಿಲ್ಲದ ಸಣ್ಣ ಬೆಳೆಗಾರ ಮುಗಿಲನ್ನೇ ನಂಬಬೇಕು.

ಮುಂಗಾರಿಗೆ ಮೊದಲು ಮರಗಸಿ, ಬೋರ್ಡೋ ಸಿಂಪಡಣೆ, ಗೊಬ್ಬರ. ಆರಿದ್ರಾ ಹಿಡಿದ ಮೇಲೆ ಇಂಬಳ ಕಿತ್ತೆಸೆಯುತ್ತಲೇ ಚರಂಡಿ, ತೊಟ್ಟಿಲುಗುಂಡಿ ಬಿಡಿಸಬೇಕು. ಪಡುವಣ ಹೆತ್ತೂರು ಕಡೆ ಮಳೆ ಹೆಚ್ಚು, ಕೊಳೆರೋಗವೂ ಹೆಚ್ಚು. ಮೂಡಲ ಆಲೂರಿಗೆ ಬಂದರೆ ಮಳೆ ಇಳಿಯುತ್ತದೆ.

ಕಿತ್ತಳೆಯ ಮಾತು ನೋವಿನದು. ಸಡಿಲ ಸಿಪ್ಪೆಯ, ಹುಳಿ ಬೆರೆತ ಸಿಹಿಯ ಆ ಹಣ್ಣು ಒಂದು ಕಾಲಕ್ಕೆ ಕಾಫಿಯ ಜೊತೆಗೇ ಕೈಗೆ ಕಾಸು ತರುತ್ತಿತ್ತು. ಸಣ್ಣ ಜಿಗಿಹುಳು ಹರಡುವ ಗ್ರೀನಿಂಗ್ ರೋಗ ಮರಗಳನ್ನು ಬಡಕಲಾಗಿಸಿತು. ಅಂಟಿಕೊಂಡರೆ ಮದ್ದಿಲ್ಲ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದಲ್ಲಿ ಸಂಶೋಧನೆ ನಡೆದೇ ಇದೆ, ಆದರೂ ಹಳೆಯ ಫಸಲು ಮರಳಿಲ್ಲ. ರೋಗವಿಲ್ಲದ ಸಸಿಗಳು ಪ್ರತಿ ಹೋಬಳಿಗೂ ಸುಲಭವಾಗಿ ಸಿಗುವಂತಾಗಬೇಕು.

ಹಲಸಿನದು ಬೇರೆಯೇ ಸಂಕಟ. ಹಣ್ಣಿನ ವಾಸನೆಗೆ ಆನೆ ಬರುತ್ತದೆಂದು ಎಷ್ಟೋ ಕಡೆ ಮಿಡಿಯಲ್ಲೇ ಕೆಡವಿಬಿಡುತ್ತಾರೆ. 2023ರ ಡಿಸೆಂಬರ್ 4ರಂದು ಯಸಳೂರು ಭಾಗದಲ್ಲಿ, ಮೈಸೂರು ದಸರೆಯ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ, ಕಾಡಾನೆ ಸೆರೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗೆ ಕಾದಾಡಿ ಪ್ರಾಣ ಬಿಟ್ಟ. ಬೆಳಗಿನ ಮಂಜಿನಲ್ಲಿ ತೋಟಕ್ಕೆ ಇಳಿಯುವ ಆಳುಗಳು ಆನೆ ಎಲ್ಲಿದೆಯೆಂದು ವಿಚಾರಿಸಿಯೇ ಹೆಜ್ಜೆ ಇಡುತ್ತಾರೆ.

ನವೆಂಬರಿಗೆ ಅರೇಬಿಕಾ ಕುಯ್ಲು. ಕೆಂಪಾದ ಹಣ್ಣನ್ನಷ್ಟೇ ಬಿಡಿಸಿ, ಅಂದೇ ಪಲ್ಪರಿಗೆ ಹಾಕಿ, ತೊಳೆದು ಕಣದಲ್ಲಿ ಹರವಬೇಕು. ಊರಿನ ಆಳು ಸಾಲದೆ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಲೈನುಮನೆಗಳಲ್ಲಿವೆ. ಜನವರಿಯ ನಂತರ ರೊಬಸ್ಟಾ, ಆಮೇಲೆ ಮೆಣಸು. ಈ ಸರದಿ ತಪ್ಪದಿದ್ದರೆ ಆಳಿಗೂ ಬೆಳೆಗಾರನಿಗೂ ಉಸಿರಾಡಲು ಬಿಡುವಿರುತ್ತದೆ.

ಅಕಾಲ ಮಳೆ ಆ ಸರದಿಯನ್ನೇ ಕಲಸಿಬಿಡುತ್ತದೆ. ಡಿಸೆಂಬರಿನಲ್ಲಿ ಸುರಿದರೆ ಹಣ್ಣು ಒಡೆದು ಉದುರುತ್ತದೆ, ಕಣದ ಕಾಫಿಗೆ ಬೂಷ್ಟು ಹಿಡಿಯುತ್ತದೆ. ಜನವರಿಯಲ್ಲಿ ಸುರಿದರೆ ಹಣ್ಣು ಇರುವ ರೊಬಸ್ಟಾ ಗಿಡದಲ್ಲೇ ಹೂ ಅರಳುತ್ತದೆ. ಆಗ ಕುಯ್ದರೆ ಮುಂದಿನ ವರ್ಷದ ಫಸಲು ಕೈಗೆ ತಾಗಿ ಉದುರುತ್ತದೆ. ಹೂ ಕಾಯಿಗಟ್ಟಲಿ ಎಂದು ಕಾದರೆ ಈ ವರ್ಷದ ಹಣ್ಣು ಒಣಗಿ ನೆಲ ಸೇರುತ್ತದೆ. ಯಾವುದನ್ನು ಬಿಡುವುದೆಂದು ಅಲ್ಲಲ್ಲೇ, ಗಿಡದ ಬುಡದಲ್ಲಿ ನಿಂತು ತೀರ್ಮಾನಿಸಬೇಕು.