ಮಳೆ ಬರ್ತಾ ಇದೆ, ಫೋನ್ ಇಡ್ತೀನಿ

ಜನವರಿ ಕೊನೆಯ ಒಂದು ಮಧ್ಯಾಹ್ನ. ಕಳಸದ ಆಚೆ, ಟಾರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿರುವ ನಮ್ಮ ಚಿಕ್ಕಮ್ಮನ ಮನೆಯ ಕಣದಲ್ಲಿ ರೋಬಸ್ಟಾ ಹಣ್ಣು ಹರವಿತ್ತು. ಚಿಕ್ಕಮ್ಮ ಅಡುಗೆಮನೆ ಕಿಟಕಿಗೆ ಒರಗಿ ಫೋನಿನಲ್ಲಿದ್ದರು. ಆ ಮನೆಯಲ್ಲಿ ಸಿಗ್ನಲ್ ನಿಲ್ಲುವುದು ಆ ಕಿಟಕಿಯ ಹತ್ತಿರ ಮಾತ್ರ. ಆ ಕಡೆಯ ದನಿ ಮೊದಲು ಹಿಂದಿಯಲ್ಲಿ, ಆಮೇಲೆ ತಡವರಿಸುವ ಕನ್ನಡದಲ್ಲಿ ಹೇಳುತ್ತಿತ್ತು: ನಿಮ್ಮ ಆಧಾರ್ ಕೊಟ್ಟು ಮುಂಬೈಯಲ್ಲಿ ಯಾರೋ ಸಿಮ್ ತಗೊಂಡಿದ್ದಾರೆ, ಕೇಸಾಗಿದೆ, ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ, ಸಾಹೇಬರಿಗೆ ಲೈನ್ ಕೊಡ್ತೀನಿ.

ಇಪ್ಪತ್ತು ನಿಮಿಷ ಹೀಗೇ ನಡೆದಿದೆ. ಅಷ್ಟರಲ್ಲಿ ಗುಡ್ಡದ ಮೇಲೆ ಮೋಡ ಕಟ್ಟಿತು. ಅರ್ಧ ಒಣಗಿದ ಕಾಫಿಗೆ ನೀರು ಬಿದ್ದರೆ ವರ್ಷದ ದುಡಿಮೆಗೇ ಬೂಷ್ಟು. "ಕಣದಲ್ಲಿ ಕಾಫಿ ಇದೆ, ಮಳೆ ಬರ್ತಾ ಇದೆ, ಇಡ್ತೀನಿ" ಎಂದು ಚಿಕ್ಕಮ್ಮ ಫೋನನ್ನು ಕಟ್ಟೆಯ ಮೇಲಿಟ್ಟು ಓಡಿದರು. ಕೂಲಿಯವರ ಲೈನ್‌ಮನೆಯಿಂದ ಇಬ್ಬರು ಹೆಂಗಸರು ಬಂದು ಟಾರ್ಪಾಲು ಎಳೆದರು. ಎಳೆಯುತ್ತಲೇ ಚಿಕ್ಕಮ್ಮ ನಡೆದದ್ದನ್ನೆಲ್ಲ ಅವರಿಗೆ ಹೇಳಿದರು. ಜೋರಾಗಿ ಬಾಯಿಬಿಟ್ಟು ಹೇಳಿದಾಗ ಆ ಕಥೆಯ ಪೊಳ್ಳುತನ ಚಿಕ್ಕಮ್ಮನಿಗೇ ಕೇಳಿಸಿತು. ಮತ್ತೆ ಫೋನ್ ಬಂತು, ಎತ್ತಲಿಲ್ಲ.

ನಾನು ಎಷ್ಟೋ ದಿನ ಯೋಚಿಸಿದ್ದು ಆ ಇಪ್ಪತ್ತು ನಿಮಿಷದ ಬಗ್ಗೆ. ಚಿಕ್ಕಮ್ಮ ದಡ್ಡರಲ್ಲ. ತೋಟದ ಲೆಕ್ಕವೆಲ್ಲ ಅವರದೇ. ವ್ಯಾಪಾರಿ ಒಂದು ಕಿಲೋ ಹೆಚ್ಚುಕಮ್ಮಿ ಮಾಡಿದರೂ ಹಿಡಿಯುತ್ತಾರೆ. ಆದರೆ ಮೂಡಿಗೆರೆ, ಕಳಸದ ಒಳಹಳ್ಳಿಗಳಲ್ಲಿ ನಾವು ರೂಢಿಸಿಕೊಂಡಿರುವುದೇ ಬೇರೆ. ಸಿಗ್ನಲ್ಲಿಗೆ ಗುಡ್ಡ ಹತ್ತುವ ಊರಿನಲ್ಲಿ, ಸಿಕ್ಕ ಕರೆಯನ್ನು ಯಾರೂ ಕೈಯಾರೆ ಕಟ್ ಮಾಡುವುದಿಲ್ಲ. ಬೆಂಗಳೂರಿನಲ್ಲಿರುವ ಮಗನದೋ, ಆಸ್ಪತ್ರೆಯದೋ, ಕಾಫಿ ದರ ಹೇಳುವವರದೋ ಇರಬಹುದು. ಅದರ ಮೇಲೆ ಪಕ್ಕದ ಮನೆ ಕೂಗಿದರೂ ಕೇಳದಷ್ಟು ದೂರ. "ಯಾರಿಗೂ ಹೇಳಬೇಡಿ" ಎಂಬ ಮಾತಿಗೆ ಇದಕ್ಕಿಂತ ಹದವಾದ ನೆಲ ಇನ್ನೆಲ್ಲಿ?

ಇಂಥ ಕರೆಗೆ ಈಗ ಎಲ್ಲರಿಗೂ ಗೊತ್ತಿರುವ ಹೆಸರು ಡಿಜಿಟಲ್ ಅರೆಸ್ಟ್. ಕಾನೂನಿನಲ್ಲಿ ಇಂಥದ್ದೊಂದು ಇಲ್ಲವೇ ಇಲ್ಲ. ಸಿಬಿಐ ಆಗಲಿ, ಇ.ಡಿ. ಆಗಲಿ, ನಮ್ಮ ಠಾಣೆಯ ಪೊಲೀಸರಾಗಲಿ ಫೋನಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ. 2024ರ ಅಕ್ಟೋಬರ್ 27ರ 'ಮನ್ ಕೀ ಬಾತ್'ನಲ್ಲಿ ಪ್ರಧಾನಿ ಕೇಳಿಸಿದ ಇಂಥ ಕರೆ ನಮ್ಮ ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದದ್ದು. ಮರುವರ್ಷ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ಇಲಾಖೆಯ ಹೆಸರಿನ ಕರೆ ರಾಜ್ಯಸಭಾ ಸದಸ್ಯೆ ಸುಧಾ ಮೂರ್ತಿಯವರಿಗೇ ಬಂದು, ಬೆಂಗಳೂರಿನಲ್ಲಿ ದೂರು ದಾಖಲಾಯಿತು. ಆದರೆ 2025ರ ಮಾರ್ಚ್ ತಿಂಗಳಲ್ಲಿ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ ನಡೆದದ್ದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಇಂಥದೇ ಕರೆಗೆ 50 ಲಕ್ಷಕ್ಕೂ ಹೆಚ್ಚು ಹಣ ತೆತ್ತ ವೃದ್ಧ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ಅವರೂ ಹಳ್ಳಿಯ ಮನೆಯೊಂದರಲ್ಲಿದ್ದವರು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ವಂಚಕರು ಊರು ನೋಡಿ ಮಾತು ಹೊಸೆಯುತ್ತಾರೆ. ಈಚಿನ ವರ್ಷಗಳಲ್ಲಿ ಕಾಫಿಗೆ ಹಿಂದೆ ಕಾಣದ ಬೆಲೆ ಬಂದು ಖಾತೆಗಳಲ್ಲಿ ದುಡ್ಡಿದೆ. "ಇಂದು ರಾತ್ರಿ 9:30ಕ್ಕೆ ನಿಮ್ಮ ಕರೆಂಟ್ ಕಟ್" ಎಂಬ ಸಂದೇಶವನ್ನು ಪಟ್ಟಣದವರು ನಕ್ಕು ಅಳಿಸಬಹುದು. ಆಷಾಢದಲ್ಲಿ ಮರ ಬಿದ್ದು ದಿನಗಟ್ಟಲೆ ಕತ್ತಲಲ್ಲಿ ಕೂತ ಮಲೆನಾಡಿನವರಿಗೆ ಅದು ಎದೆ ಝಲ್ಲೆನ್ನಿಸುವ ಮಾತು. ಮೆಸ್ಕಾಂ ಎಂಬ ಹೆಸರು ಕಂಡರೆ ಸಾಕು, ಅದರಲ್ಲಿರುವ ನಂಬರಿಗೆ ಫೋನ್ ಹಚ್ಚುತ್ತೇವೆ. ಪಿಎಂ ಕಿಸಾನ್ ಕಂತು ನಿಂತಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೈಲ್ ಬರುತ್ತದೆ, ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿರುತ್ತದೆ. ಒತ್ತಿ ಇನ್‌ಸ್ಟಾಲ್ ಮಾಡಿ ಅನುಮತಿ ಕೊಟ್ಟಿರೋ, ನಿಮ್ಮ ಒಟಿಪಿಗಳನ್ನು ಅವರು ಓದತೊಡಗುತ್ತಾರೆ. ಸರ್ಕಾರದ ಯಾವ ಕಂತೂ ಹಾಗೆ ಬರುವುದಿಲ್ಲ. ಕಾಫಿ ಕೊಳ್ಳುತ್ತೇನೆ, ಮುಂಗಡಕ್ಕೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುವವರಿದ್ದಾರೆ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಅಷ್ಟೇ.

ನಂಬರ್ ನೋಡಿಯೂ ಸ್ವಲ್ಪ ತಿಳಿಯುತ್ತದೆ. ಬ್ಯಾಂಕುಗಳು ವ್ಯವಹಾರದ ಕರೆಗೆ 1600ರಿಂದ ಶುರುವಾಗುವ ಸಂಖ್ಯೆ, ಪ್ರಚಾರಕ್ಕೆ 140ರ ಸಂಖ್ಯೆ ಬಳಸಬೇಕೆಂದು 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದೆ. ಹತ್ತು ಅಂಕಿಯ ಮೊಬೈಲಿನಿಂದ "ಬ್ಯಾಂಕ್ ಮ್ಯಾನೇಜರ್" ಎಂದರೆ ಇಟ್ಟುಬಿಡಿ, ನಿಮ್ಮ ಶಾಖೆಗೆ ನೀವೇ ಹೋಗಿ ಕೇಳಿ. ಪರದೆಯ ಮೇಲೆ ಮೂಡುವ ಹೆಸರನ್ನು ಮಾತ್ರ ನಂಬಬೇಡಿ. ಅದು ಸುಳ್ಳೂ ಆಗಿರಬಹುದು.

ದುಡ್ಡು ಹೋದಮೇಲೆ ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿರುತ್ತೇವಲ್ಲ, ಕಳೆದುಕೊಳ್ಳುವುದು ಅಲ್ಲೇ. ನಮ್ಮ ಹಣ ಗಂಟೆಗಳಲ್ಲಿ ಖಾತೆಯಿಂದ ಖಾತೆಗೆ ಹಾರಿ ನಗದಾಗುತ್ತದೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಆ ದಾರಿಯ ಬ್ಯಾಂಕುಗಳಿಗೆ ಸುದ್ದಿ ಹೋಗಿ, ಇನ್ನೂ ಉಳಿದ ಹಣವನ್ನು ತಡೆಹಿಡಿಯುತ್ತಾರೆ. ಸೈಬರ್ ಅಪರಾಧ ನೋಡಿಕೊಳ್ಳುವ ಚಿಕ್ಕಮಗಳೂರಿನ ಸೆನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ದುಡ್ಡು ಹೋಗದೆ ಕರೆ ಮಾತ್ರ ಬಂದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ 'ಚಕ್ಷು'ವಿನಲ್ಲಿ ಆ ನಂಬರ್ ತಿಳಿಸಬಹುದು.

ಇನ್ನೊಂದು ಮಾತನ್ನು ತೋಟದ ಯಜಮಾನರಿಗೆ ಹೇಳಲೇಬೇಕು. ಹಣ ಹಾರಿಹೋಗುವ ಆ ಖಾತೆಗಳು ಬಹಳ ಸಲ ಬಡವರವು. ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಕೊಟ್ಟರೆ ಕೆಲವು ಸಾವಿರ ಕೊಡುತ್ತೇವೆಂದು ಬರುವವರಿದ್ದಾರೆ. ಕೊಟ್ಟವನ ಮನೆಗೇ ಪೊಲೀಸರು ಮೊದಲು ಬರುವುದು. ಕೊಯ್ಲಿಗೆಂದು ಅಸ್ಸಾಮಿನಿಂದ ಬಂದು ಲೈನ್‌ಮನೆಯಲ್ಲಿರುವ ಹುಡುಗನಿಗೆ ಇದನ್ನು ಅವನ ಭಾಷೆಯಲ್ಲಿ ಹೇಳುವವರು ಯಾರಿದ್ದಾರೆ? ವಾರದ ಬಟವಾಡೆಯ ದಿನ ತೋಟದ ರೈಟರ್ ಐದು ನಿಮಿಷ ಕೊಟ್ಟರೆ ಆದೀತು.

ಕಳೆದ ತಿಂಗಳು ಹೋದಾಗ ಚಿಕ್ಕಮ್ಮನ ಅಡುಗೆಮನೆ ಕಿಟಕಿಯ ಚೌಕಟ್ಟಿನ ಮೇಲೆ ಸುಣ್ಣದಲ್ಲಿ 1930 ಎಂದು ಬರೆದಿತ್ತು, ಫೋನ್ ಹಿಡಿದು ನಿಂತರೆ ಕಣ್ಣಿಗೆ ನೇರ ಬೀಳುವ ಹಾಗೆ. ಕೆಳಗೆ ಲೈನ್‌ಮನೆಯ ಆ ಇಬ್ಬರು ಹೆಂಗಸರ ನಂಬರುಗಳೂ ಇದ್ದವು.